ಬ್ರಿಟಿಷ್ ಇಂಗ್ಲಿಷೋ, ಅಮೆರಿಕನ್ ಇಂಗ್ಲಿಷೋ: ನಾಲಿಗೆಗೆ ಯಾವುದು, ಕಿವಿಗೆ ಯಾವುದು, ಬರವಣಿಗೆಗೆ ಯಾವುದು

ಕೆಲಸದ ಮೇಲೆ ನಾಲ್ಕು ವರ್ಷ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೆ. ಆಮೇಲೆ ಆರು ವರ್ಷ ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಊರಿಗೆ ಮರಳಿದ ಮೇಲೆ ಅಕ್ಕನ ಮಗಳಿಂದ ಹಿಡಿದು ಪಕ್ಕದ ಬೀದಿಯ ಹುಡುಗರವರೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಮಾಮ, ಯಾವ ಇಂಗ್ಲಿಷ್ ಕಲೀಲಿ? ಬ್ರಿಟಿಷಾ, ಅಮೆರಿಕನ್ನಾ?" ಅವರ ಮನಸ್ಸಿನಲ್ಲಿ ಇರುವುದು ಆಕ್ಸೆಂಟು. ಯಾವ ಧಾಟಿಯಲ್ಲಿ ಮಾತಾಡಿದರೆ ಜನ ಗೌರವ ಕೊಡುತ್ತಾರೆ ಅನ್ನುವ ಚಿಂತೆ.

ನಾನು ಈ ಪ್ರಶ್ನೆಯನ್ನು ಒಡೆದು ನೋಡುತ್ತೇನೆ. ನಾಲಿಗೆಗೆ ಯಾವುದು, ಕಿವಿಗೆ ಯಾವುದು, ಬರವಣಿಗೆಗೆ ಯಾವುದು? ಮೂರಕ್ಕೂ ಉತ್ತರ ಬೇರೆ ಬೇರೆ. ನಾಲಿಗೆಗೆ ಎರಡೂ ಬೇಡ. ಕಿವಿಗೆ ಎರಡೂ ಬೇಕು. ಬರವಣಿಗೆಗೆ, ಓದುವವರು ಯಾರೋ ಅವರದು. ಇವುಗಳ ಜೊತೆಗೆ ಯಾರೂ ಕೇಳದ ನಾಲ್ಕನೆಯದೊಂದಿದೆ: ಎದುರಿನವರು ಬಾಯಿಬಿಟ್ಟು ಆಡಿದ್ದೆಷ್ಟು, ಆಡದೆ ನಮಗೇ ಬಿಟ್ಟದ್ದೆಷ್ಟು ಎಂದು ತಿಳಿಯುವುದು. ಎರಡೂ ದೇಶಗಳಲ್ಲಿ ನನಗೆ ಪೆಟ್ಟು ಬಿದ್ದದ್ದು ಅಲ್ಲೇ, ಉಚ್ಚಾರಣೆಯಲ್ಲಿ ಅಲ್ಲ.

## ನಮ್ಮ ಬಾಯಲ್ಲಿ ಈಗಾಗಲೇ ಎರಡೂ ಇವೆ

ಕನ್ನಡ ಮಾತಾಡುವಾಗ ಬಳಸುವ ಇಂಗ್ಲಿಷ್ ಪದಗಳನ್ನೇ ಒಮ್ಮೆ ಗಮನಿಸಿ. ಕ್ಲಾಸು, ಗ್ಲಾಸು, ಪಾಸು, ಹಾಫ್ ಎಂದು ಬಾಯಿ ಅಗಲಿಸಿ ಹೇಳುತ್ತೇವೆ. ಇದು ಲಂಡನ್ನಿನವರ 'ಆ' ಸ್ವರ. ಅಮೆರಿಕದವರು ಕ್ಲ್ಯಾಸ್, ಗ್ಲ್ಯಾಸ್, ಹ್ಯಾಫ್ ಅನ್ನುತ್ತಾರೆ. ಲಾರಿ, ಲಿಫ್ಟು, ಪೆಟ್ರೋಲು, ಟಾರ್ಚು, ಬಿಸ್ಕತ್ತು, ಕ್ಯೂ ಇವೂ ಬ್ರಿಟಿಷರು ಬಿಟ್ಟುಹೋದವು. ಅಮೆರಿಕದಲ್ಲಿ ಇವೇ ಟ್ರಕ್ಕು, ಎಲಿವೇಟರು, ಗ್ಯಾಸು, ಫ್ಲ್ಯಾಶ್‌ಲೈಟು, ಕುಕಿ, ಲೈನು. ಬಸ್ಸಿನ ರೂಟು ಅಲ್ಲಿ ಎಷ್ಟೋ ಜನರ ಬಾಯಲ್ಲಿ ರೌಟು. ವಿಟಮಿನ್ ಅಲ್ಲಿ ವೈಟಮಿನ್.

ಆದರೆ ಕಾರ್, ಪಾರ್ಕ್, ಡಾಕ್ಟರ್ ಅನ್ನುವಾಗ ನಾವು ರಕಾರವನ್ನು ಬಿಡುವುದೇ ಇಲ್ಲ. ಲಂಡನ್ನಿನವರು ಕಾ, ಪಾಕ್, ಡಾಕ್ಟ ಎಂದು ನಿಲ್ಲಿಸುತ್ತಾರೆ. ಈ ವಿಷಯದಲ್ಲಿ ನಾವು ಅಮೆರಿಕದ ಪಕ್ಕ. ಪ್ಯಾಂಟು ಎಂದರೆ ನಮಗೂ ಅಮೆರಿಕದವರಿಗೂ ಹೊರಗೆ ತೊಡುವ ಬಟ್ಟೆ, ಇಂಗ್ಲೆಂಡಿನಲ್ಲಿ ಒಳಚಡ್ಡಿ. ಚಿಪ್ಸ್ ಎಂದರೆ ನಮಗೂ ಅವರಿಗೂ ಪ್ಯಾಕೆಟ್ಟಿನ ಗರಿಗರಿ ಆಲೂಗಡ್ಡೆ, ಇಂಗ್ಲೆಂಡಿನಲ್ಲಿ ಮೀನಿನ ಜೊತೆ ಬರುವ ದಪ್ಪ ಬಿಸಿ ತುಂಡುಗಳು. ಪ್ಯಾಕೆಟ್ಟಿನದು ಬೇಕಿದ್ದರೆ ಅಲ್ಲಿ ಕ್ರಿಸ್ಪ್ಸ್ ಅನ್ನಬೇಕು.

ಹಾಗಾಗಿ 'ನಾನು ಬ್ರಿಟಿಷ್ ಇಂಗ್ಲಿಷಿನವನು' ಎಂದುಕೊಂಡು ಯಾರಾದರೂ ಹೊರಟರೆ ಅದು ಅರ್ಧ ನಿಜ ಅಷ್ಟೆ.

## ರಕಾರದ ಕಥೆ

ನಮ್ಮಲ್ಲಿ ತುಂಬ ಜನ ನಂಬಿರುವುದು, ರಕಾರ ನುಂಗುವ ಬ್ರಿಟಿಷ್ ಧಾಟಿಯೇ ಮೂಲ, ಅಮೆರಿಕದವರು ಅದನ್ನು ಕೆಡಿಸಿದರು ಎಂದು. ನಡೆದದ್ದು ಬೇರೆ. 1607ರಲ್ಲಿ ಅಮೆರಿಕದ ಜೇಮ್ಸ್‌ಟೌನ್‌ಗೆ ಇಂಗ್ಲಿಷರು ಹಡಗು ಹತ್ತಿ ಹೋದಾಗ ಇಂಗ್ಲೆಂಡಿನಲ್ಲೂ ರಕಾರ ಉಚ್ಚರಿಸುತ್ತಿದ್ದರು. ಲಂಡನ್ ಸುತ್ತಮುತ್ತ ಅದು ಬಿದ್ದುಹೋದದ್ದು ಬಹುಪಾಲು ಹದಿನೆಂಟನೆಯ ಶತಮಾನದಲ್ಲಿ. ಹೊರಟುಹೋದವರ ನಾಲಿಗೆಯಲ್ಲಿ ಹಳೆಯದು ಉಳಿಯಿತು, ಮನೆಯಲ್ಲಿ ಉಳಿದವರ ನಾಲಿಗೆ ಬದಲಾಯಿತು. ಸ್ಕಾಟ್ಲೆಂಡಿನಲ್ಲಿ, ಐರ್ಲೆಂಡಿನಲ್ಲಿ, ಇಂಗ್ಲೆಂಡಿನದೇ ನೈಋತ್ಯ ಮೂಲೆಯಲ್ಲಿ ರಕಾರ ಇವತ್ತಿಗೂ ಕೇಳುತ್ತದೆ. ಅಮೆರಿಕದಲ್ಲಿ ಬಾಸ್ಟನ್ನಿನ, ನ್ಯೂಯಾರ್ಕಿನ ಹಳಬರು ಅದನ್ನು ಬಿಡುತ್ತಾರೆ.

ನ್ಯೂಯಾರ್ಕಿನಲ್ಲಿ ವಿಲಿಯಂ ಲಬೋವ್ ಎಂಬ ಭಾಷಾವಿಜ್ಞಾನಿ 1962ರಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಹೇಳಲೇಬೇಕು. ಆತ ಮೂರು ದೊಡ್ಡ ಅಂಗಡಿಗಳಿಗೆ ಹೋದ. ಶ್ರೀಮಂತರ ಸ್ಯಾಕ್ಸ್, ಮಧ್ಯಮ ವರ್ಗದ ಮೇಸೀಸ್, ಬಡವರ ಎಸ್. ಕ್ಲೈನ್. ನಾಲ್ಕನೆಯ ಮಹಡಿಯಲ್ಲಿ ಏನು ಮಾರುತ್ತಾರೆ ಎಂದು ಮೊದಲೇ ತಿಳಿದುಕೊಂಡು, ಕೆಲಸಗಾರರ ಬಳಿ ಹೋಗಿ ಅದು ಎಲ್ಲಿ ಸಿಗುತ್ತದೆ ಎಂದು ಕೇಳಿದ. ಅವರು 'ಫೋರ್ತ್ ಫ್ಲೋರ್' ಅನ್ನಲೇಬೇಕು, ಅದರಲ್ಲಿ ಎರಡು ರಕಾರ. ಕಿವಿ ಕೇಳಿಸದವನಂತೆ ಸ್ವಲ್ಪ ಬಗ್ಗಿ ಇನ್ನೊಮ್ಮೆ ಕೇಳಿದ. ಆಗ ಅವರು ಒತ್ತಿ ಹೇಳಿದರು. ಮರೆಯಾಗಿ ಬಂದು ಬರೆದುಕೊಂಡ. ಹೀಗೆ 264 ಜನ. ಸ್ಯಾಕ್ಸ್‌ನಲ್ಲಿ ಅರ್ಧಕ್ಕಿಂತ ಸಾಕಷ್ಟು ಹೆಚ್ಚು ಮಂದಿಯ ಬಾಯಲ್ಲಿ ರಕಾರ ಕೇಳಿಸಿತು, ಮೇಸೀಸ್‌ನಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ, ಕ್ಲೈನ್‌ನಲ್ಲಿ ಐದರಲ್ಲಿ ಒಬ್ಬರಲ್ಲಿ.

ಇದರ ಅರ್ಥವೇನು ನೋಡಿ. ರಕಾರ ಬಿಟ್ಟರೆ ಲಂಡನ್ನಿನಲ್ಲಿ ಓದಿದವರು, ನ್ಯೂಯಾರ್ಕಿನಲ್ಲಿ ಓದದವರು. ಶಬ್ದ ಒಂದೇ, ಬೆಲೆ ತದ್ವಿರುದ್ಧ. ಮರ್ಯಾದೆ ಇರುವುದು ಶಬ್ದದಲ್ಲಲ್ಲ, ಅದನ್ನು ಯಾರು ಆಡುತ್ತಾರೆ ಅನ್ನುವುದರಲ್ಲಿ. ಇದನ್ನು ಓದಿದ ದಿನದಿಂದ ನನ್ನ ಕನ್ನಡದ ರಕಾರದ ಬಗ್ಗೆ ನನಗಿದ್ದ ಸಂಕೋಚ ಹೋಯಿತು.

## 'ಬ್ರಿಟಿಷ್ ಆಕ್ಸೆಂಟು' ಅನ್ನುವುದು ಒಂದಲ್ಲ

ಹೊರಡುವ ಮೊದಲು ಬೆಂಗಳೂರಿನಲ್ಲಿ ಆರು ವಾರ ತರಬೇತಿ ತೆಗೆದುಕೊಂಡಿದ್ದೆ. ಬಾತ್, ಲಾಫ್, ಗ್ರಾಸ್ ಎಂದು ಆಕಾರ ಎಳೆಯುವುದನ್ನು ಕಲಿಸಿದರು. ಲೀಡ್ಸ್‌ಗೆ ಇಳಿದರೆ ಇಡೀ ಊರು ಬ್ಯಾತ್, ಲ್ಯಾಫ್, ಗ್ರ್ಯಾಸ್ ಅನ್ನುತ್ತಿತ್ತು. ಕಪ್ಪಿಗೆ ಕುಪ್, ಬಸ್ಸಿಗೆ ಬುಸ್. ಸ್ಟಾಪಿನಲ್ಲಿ ಪಕ್ಕದಲ್ಲಿ ನಿಂತಿದ್ದ ಅಜ್ಜಿ ಬುಸ್ ತಡವಾಯಿತು ಎಂದು ಹೇಳಿದ್ದು ನನಗೆ ಮೂರನೆಯ ಸಲಕ್ಕೆ ತಿಳಿಯಿತು. ನಾನು ಕಲಿತದ್ದು ಆಗ್ನೇಯ ಇಂಗ್ಲೆಂಡಿನ ಓದಿದವರ ಧಾಟಿ. ಅದಕ್ಕೆ ಆರ್‌ಪಿ ಎಂದು ಹೆಸರು. ಅಚ್ಚ ಆರ್‌ಪಿ ಮಾತಾಡುವವರು ಬ್ರಿಟನ್ನಿನಲ್ಲೇ ಬಹಳ ಕಡಿಮೆ. ರೇಡಿಯೊ ಬೆಳೆದ ಕಾಲದಲ್ಲಿ ಬಿಬಿಸಿ ಅದನ್ನೇ ಹಿಡಿದುಕೊಂಡದ್ದರಿಂದ ಹೊರಗಿನವರಿಗೆ ಅದೇ ಬ್ರಿಟಿಷ್ ಅನ್ನಿಸಿತು. 1941ರಲ್ಲಿ ಬಿಬಿಸಿ ತನ್ನ ರಾಷ್ಟ್ರೀಯ ವಾರ್ತೆ ಓದಲು ವಿಲ್‌ಫ್ರೆಡ್ ಪಿಕಲ್ಸ್ ಎಂಬ, ಲೀಡ್ಸ್ ಇರುವ ಯಾರ್ಕ್‌ಷೈರ್ ಸೀಮೆಯವರನ್ನು ಕೂರಿಸಿದಾಗ, ಸ್ವಂತ ದೇಶದ ಕೇಳುಗರೇ ಆ ಧಾಟಿಯಲ್ಲಿ ಬಂದ ವಾರ್ತೆಗೆ ಗೊಣಗಿದರು.

ಧಾರವಾಡದ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ಎಷ್ಟು ದೂರವೋ ಲಿವರ್‌ಪೂಲ್, ನ್ಯೂಕ್ಯಾಸಲ್, ಬರ್ಮಿಂಗ್‌ಹ್ಯಾಮ್ ಅಷ್ಟು ದೂರ. ಅದೂ ಒಂದೊಂದರ ನಡುವೆ ರೈಲಿನಲ್ಲಿ ಮೂರ್ನಾಲ್ಕು ಗಂಟೆಯೊಳಗೆ. ಅಮೆರಿಕ ಅಷ್ಟು ದೊಡ್ಡ ದೇಶವಾದರೂ ಓಹಾಯೊದಿಂದ ಕ್ಯಾಲಿಫೋರ್ನಿಯಾವರೆಗೆ ಧಾಟಿಯ ವ್ಯತ್ಯಾಸ ಹೊಸಬರ ಕಿವಿಗೆ ಅಷ್ಟಾಗಿ ತಟ್ಟುವುದಿಲ್ಲ. ದಕ್ಷಿಣದ ರಾಜ್ಯಗಳು ಮಾತ್ರ ಬೇರೆ. ಅಲ್ಲಿ 'ಟೈಮ್' ಎಂಬುದು 'ಟಾಮ್'ನ ಹತ್ತಿರ ಬರುತ್ತದೆ.

ಆದ್ದರಿಂದ ಕಿವಿಗೆ ಸುಲಭ ಯಾವುದು ಎಂದರೆ, ಅಮೆರಿಕ. ಕಲಿತದ್ದು ಹೆಚ್ಚು ಕಡೆ ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿಗೆ ಹೋಗುವವರು 'ಬ್ರಿಟಿಷ್' ಕಲಿಯುವುದಕ್ಕಿಂತ ತಾವು ಹೋಗುವ ಊರಿನ ಮಾತು ಕೇಳಿಸಿಕೊಳ್ಳಲಿ.

## ಒಂದು 'ಕ್ಯಾನ್' ಸಾಕು ಕೆಲಸ ಕೆಡಲು

ಅಮೆರಿಕದವರ ಜೊತೆ ಫೋನಿನಲ್ಲಿ ಕೆಲಸ ಮಾಡುವವರಿಗೆ ಇದೊಂದನ್ನು ಬಿಡಿಸಿ ಹೇಳುತ್ತೇನೆ. ಲಂಡನ್ನಿನವರಲ್ಲಿ 'ಆಗುತ್ತದೆ' ಎಂದರೆ ಕ್ಯಾನ್, 'ಆಗುವುದಿಲ್ಲ' ಎಂದರೆ ಕಾನ್ಟ್. ಸ್ವರವೇ ಬೇರೆ, ಗೊಂದಲವಿಲ್ಲ. ಅಮೆರಿಕದಲ್ಲಿ ಎರಡಕ್ಕೂ ಒಂದೇ ಸ್ವರ, ಮೇಲಾಗಿ ಕೊನೆಯ ಟಕಾರ ಗಂಟಲಲ್ಲೇ ಉಳಿಯುತ್ತದೆ. ಹಾಗಾದರೆ ಅವರಿಗೆ ಹೇಗೆ ತಿಳಿಯುತ್ತದೆ? ಒತ್ತಿನಿಂದ. 'ಆಗುತ್ತದೆ' ಅನ್ನುವಾಗ ಕ್ಯಾನ್ ಪೂರ್ತಿ ಕುಗ್ಗಿ 'ಕನ್' ಆಗುತ್ತದೆ, ಒತ್ತು ಮುಂದಿನ ಕ್ರಿಯಾಪದಕ್ಕೆ ಹೋಗುತ್ತದೆ: ಐ ಕನ್ ಡೂ ಇಟ್. 'ಆಗುವುದಿಲ್ಲ' ಅನ್ನುವಾಗ ಕ್ಯಾನ್ ಮೇಲೆಯೇ ಭಾರ ಬೀಳುತ್ತದೆ: ಐ ಕ್ಯಾನ್ ಡೂ ಇಟ್, ಕ್ಯಾನ್ ಆದಮೇಲೆ ಸಣ್ಣ ತಡೆ.

ನಾವು ಕನ್ನಡದವರು ಎಲ್ಲ ಅಕ್ಷರಕ್ಕೂ ಸಮನಾದ ತೂಕ ಕೊಡುತ್ತೇವೆ. ನಮ್ಮ ಭಾಷೆಯಲ್ಲಿ ಅದೇ ಸರಿ. ಕೊಲಂಬಸ್‌ನಲ್ಲಿ ಎರಡನೆಯ ತಿಂಗಳು, ಶುಕ್ರವಾರದೊಳಗೆ ಕೊಡಬಹುದೇ ಎಂದು ಕೇಳಿದರು. ನಾನು ಸ್ಪಷ್ಟವಾಗಿ, ಭರವಸೆ ಬರಲೆಂದೇ ಒತ್ತಿ, 'ಐ ಕ್ಯಾನ್ ಡೂ ದಟ್' ಅಂದೆ. ಅವರು ತಲೆಯಾಡಿಸಿ ಆ ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟರು. ನನ್ನ ಮೇಲೆ ನಂಬಿಕೆ ಇಲ್ಲವೆಂದು ಒಂದು ವಾರ ಮನಸ್ಸು ಕಹಿಯಾಗಿತ್ತು. ನಾನು ಆಗುವುದಿಲ್ಲ ಅಂದೆ ಎಂದು ಅವರು ತಿಳಿದಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಅಂದಿನಿಂದ ನಾನು 'ಯೆಸ್, ಐ ವಿಲ್' ಅನ್ನುತ್ತೇನೆ, ಆಗದಿದ್ದರೆ 'ಕೆನಾಟ್' ಎಂದು ಬಿಡಿಸಿ ಹೇಳುತ್ತೇನೆ. ನೀವೂ ಹಾಗೇ ಮಾಡಿ.

ಇದೇ ಜಾತಿಯ ಇನ್ನೆರಡು, ಇವು ಎರಡೂ ದೇಶಕ್ಕೆ ಸಲ್ಲುತ್ತವೆ. ಪದದ ಮೊದಲಲ್ಲಿ ಬರುವ ಪ, ಟ, ಕಗಳನ್ನು ಅವರು ಗಾಳಿ ಸೇರಿಸಿ ಹೇಳುತ್ತಾರೆ, ನಮ್ಮ ಮಹಾಪ್ರಾಣದ ಹಾಗೆ. ನಾವು ಅಲ್ಪಪ್ರಾಣದಲ್ಲಿ 'ಪ್ಯಾಟ್' ಅಂದರೆ ಅವರಿಗೆ 'ಬ್ಯಾಟ್' ಕೇಳಿಸುತ್ತದೆ. ಶಾಲೆಯಲ್ಲಿ ಕಲಿತ ಮಹಾಪ್ರಾಣ ಇಲ್ಲಿ ಕೆಲಸಕ್ಕೆ ಬರುತ್ತದೆ: ಪ ಮತ್ತು ಫಗಳ ನಡುವೆ, ತುಟಿ ಕೂಡಿಸಿಯೇ, ಒಂದಿಷ್ಟು ಉಸಿರು ಬಿಡಿ. ಇನ್ನೊಂದು ನಮ್ಮ ವಕಾರ. ಇಂಗ್ಲಿಷಿನ ಎರಡು ಬೇರೆ ಶಬ್ದಗಳಿಗೆ ನಮ್ಮದು ಒಂದೇ ಅಕ್ಷರ. ಕೊಲಂಬಸ್‌ನ ಒಂದು ಹೋಟೆಲಿನಲ್ಲಿ ನಾನು ಮೂರು ಸಲ 'ವಾಟರ್' ಕೇಳಿದರೂ ಬಡಿಸುವ ಹುಡುಗಿಗೆ ತಿಳಿಯಲಿಲ್ಲ, ಪಾಪ, ಅವಳೂ ಕಷ್ಟಪಟ್ಟಳು. ತುಟಿಯನ್ನು ಉಕಾರಕ್ಕೆ ಸುತ್ತಿ 'ಉಆಡರ್' ಅಂದಾಗ ತಕ್ಷಣ ನೀರು ಬಂತು. ಅದೇ ನೀರು ಆರ್‌ಪಿಯಲ್ಲಿ 'ಉಓಟ', ಲಂಡನ್ನಿನ ಬೀದಿಯಲ್ಲಿ ಟಕಾರವೇ ಇಲ್ಲದ 'ಉಓ-ಅ'.

ಆಕ್ಸೆಂಟು ಹಾಕಿಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕೇ. ರಕಾರ ನುಂಗುವುದನ್ನೋ ನಾಲಿಗೆ ಸುರುಳಿ ಸುತ್ತುವುದನ್ನೋ ಅಭ್ಯಾಸ ಮಾಡುವ ಹೊತ್ತಿನಲ್ಲಿ ಒತ್ತು, ಉಸಿರು, ವಕಾರ ಈ ಮೂರನ್ನು ಸರಿಪಡಿಸಿಕೊಂಡರೆ ಎರಡೂ ದೇಶದವರಿಗೆ ನೀವು ಅರ್ಥವಾಗುತ್ತೀರಿ, ನಿಮ್ಮ ದನಿ ನಿಮ್ಮದಾಗಿಯೇ ಉಳಿಯುತ್ತದೆ. 'ಹೋಟೆಲ್'ನ ಒತ್ತು 'ಟೆ' ಮೇಲೆ, 'ಡೆವಲಪ್'ನದು 'ವೆ' ಮೇಲೆ. ಇದರಲ್ಲಿ ಲಂಡನ್ನಿಗೂ ನ್ಯೂಯಾರ್ಕಿಗೂ ಜಗಳವಿಲ್ಲ. ಜಗಳವಿರುವುದು ಕೆಲವೇ ಪದಗಳಲ್ಲಿ: ಗ್ಯಾರೇಜಿನ ಒತ್ತು ಬ್ರಿಟನ್ನಿನಲ್ಲಿ ಮೊದಲಿಗೆ, ಅಮೆರಿಕದಲ್ಲಿ ಕೊನೆಗೆ. ಲ್ಯಾಬೊರೇಟರಿಯದು ಬ್ರಿಟನ್ನಿನಲ್ಲಿ 'ಬೊ' ಮೇಲೆ, ಅಮೆರಿಕದಲ್ಲಿ 'ಲ್ಯಾ' ಮೇಲೆ.

## 'ಊರಿಗೆ ಹೋಗಿ ತಿಳಿಸ್ತೀವಿ'

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ಕಾಫಿ ಕುಡಿದು, ಎದ್ದು ನಿಂತು, "ಊರಿಗೆ ಹೋಗಿ ತಿಳಿಸ್ತೀವಿ" ಅಂದರೆ ಮನೆಯ ಹಿರಿಯರಿಗೆ ಅಲ್ಲೇ ಅರ್ಥವಾಗುತ್ತದೆ. ಬೇಡ ಎಂಬ ಮಾತನ್ನು ಯಾರೂ ಆಡಿಲ್ಲ, ಎಲ್ಲರೂ ಕೇಳಿಸಿಕೊಂಡಿದ್ದಾರೆ. ಬ್ರಿಟಿಷರ ಮಾತು ಹೀಗೆಯೇ ಎಂದು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು. 'ಐ ವಿಲ್ ಬೇರ್ ಇಟ್ ಇನ್ ಮೈಂಡ್' ಎಂದರೆ ಬಹಳ ಸಲ ಅದು ಊರಿಗೆ ಹೋಗಿ ತಿಳಿಸುವ ಮಾತು. 'ನಾಟ್ ಬ್ಯಾಡ್' ಎಂದರೆ ಮೆಚ್ಚುಗೆ. ಲೀಡ್ಸ್‌ನಲ್ಲಿ ನನ್ನ ಮೇಲಿನವರು ಒಂದು ವರದಿ ಓದಿ, 'ಕೊನೆಯ ಭಾಗವನ್ನು ಇನ್ನೊಮ್ಮೆ ನೋಡಬಹುದೇನೋ' ಅಂದರು. ಬಹುದೇನೋ ಅಂದದ್ದಕ್ಕೆ, ಸಮಯ ಸಿಕ್ಕರೆ ನೋಡೋಣ ಎಂದು ನಾನು ಬಿಟ್ಟೆ. ಅವರು ಹೇಳಿದ್ದು, ಅದು ತಪ್ಪು, ತಿರುಗಿ ಬರೆ ಎಂದು.

ಅಮೆರಿಕದಲ್ಲಿ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಅಲ್ಲಿ ಹೊಗಳಿಕೆ ಧಾರಾಳ. 'ಗ್ರೇಟ್ ಜಾಬ್, ಬಹಳ ಚೆನ್ನಾಗಿದೆ, ಒಂದೇ ಒಂದು ಸಣ್ಣ ವಿಷಯ' ಎಂದು ಮಾತು ಶುರುವಾಗುತ್ತದೆ. ಇಂಗ್ಲೆಂಡಿನಿಂದ ಬಂದಿದ್ದ ನನಗೆ ಅಷ್ಟು ಹೊಗಳಿಕೆ ಸಿಕ್ಕಿದ್ದೇ ಅಪರೂಪ. ಮನಸ್ಸು ತುಂಬಿ ಆ ಸಣ್ಣ ವಿಷಯವನ್ನು ಮರೆತೇಬಿಟ್ಟೆ. ಅವರು ನನ್ನನ್ನು ಕರೆದದ್ದೇ ಆ ಸಣ್ಣ ವಿಷಯಕ್ಕೆ. ಹೊಗಳಿಕೆ ಸುಳ್ಳಲ್ಲ, ಅದು ನಮಸ್ಕಾರದ ಹಾಗೆ, ಮಾತಿನ ಬಾಗಿಲು.

'ಕ್ವೈಟ್ ಗುಡ್' ಎಂಬ ಎರಡು ಪದ ಇದನ್ನೆಲ್ಲ ಹಿಡಿದಿಡುತ್ತದೆ. ಅಮೆರಿಕದವರ ಬಾಯಲ್ಲಿ 'ತುಂಬಾ ಚೆನ್ನಾಗಿದೆ'. ಬ್ರಿಟಿಷರ ಬಾಯಲ್ಲಿ ಸಾಮಾನ್ಯವಾಗಿ 'ಪರವಾಗಿಲ್ಲ'.

ಇದು ಬರೀ ಆಫೀಸಿನ ಮಾತಲ್ಲ. ಕೊರಿಯಾ ಯುದ್ಧದಲ್ಲಿ, 1951ರ ಏಪ್ರಿಲ್ ಕೊನೆಯಲ್ಲಿ, ಇಮ್ಜಿನ್ ನದಿಯ ದಡದ ಗುಡ್ಡವೊಂದರ ಮೇಲೆ ಗ್ಲೌಸ್ಟರ್‌ಷೈರ್ ರೆಜಿಮೆಂಟಿನ ಬ್ರಿಟಿಷ್ ಸೈನಿಕರನ್ನು ಚೀನೀ ಪಡೆ ಸುತ್ತುವರಿದಿತ್ತು. ಮದ್ದುಗುಂಡು ಮುಗಿಯುತ್ತ ಬಂದಿತ್ತು. ಬ್ರಿಗೇಡಿಯರ್ ಥಾಮಸ್ ಬ್ರೋಡಿ ತಮ್ಮ ಮೇಲಧಿಕಾರಿ, ಅಮೆರಿಕದ ಜನರಲ್ ರಾಬರ್ಟ್ ಸೌಲ್ ಅವರಿಗೆ ತಿಳಿಸಿದ್ದು, ಪರಿಸ್ಥಿತಿ 'ಎ ಬಿಟ್ ಸ್ಟಿಕಿ' ಎಂದು. ಸ್ವಲ್ಪ ಅಂಟಂಟಾಗಿದೆ ಎಂದಷ್ಟೇ ಆ ಪದಗಳ ನೇರ ಅರ್ಥ. ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಕೇಳಿದ್ದರೆ ರಕ್ತ ಹೆಪ್ಪುಗಟ್ಟುತ್ತಿತ್ತು. ಅಮೆರಿಕನ್ನರಿಗೆ ಅದು, ಕಷ್ಟವಿದೆ ಆದರೆ ತಡೆದುಕೊಂಡಿದ್ದಾರೆ ಎಂದು ಕೇಳಿಸಿತು ಎಂಬುದೇ ಈ ಪ್ರಸಂಗದ ಬಗ್ಗೆ ಬರೆದವರು ಹೇಳುತ್ತ ಬಂದಿರುವುದು. ಹಿಂದೆ ಸರಿಯುವ ಅಪ್ಪಣೆ ಸಕಾಲಕ್ಕೆ ಬರಲಿಲ್ಲ. ಆ ತುಕಡಿಯ ಬಹುಪಾಲು ಜನ ಸತ್ತರು ಇಲ್ಲವೇ ಸೆರೆಯಾದರು. ಇಬ್ಬರ ಮಾತೃಭಾಷೆಯೂ ಇಂಗ್ಲಿಷೇ.

ಇನ್ನು ದಿನನಿತ್ಯದ್ದು. ಲೀಡ್ಸ್‌ನಲ್ಲಿ 'ಆಲ್‌ರೈಟ್?' ಎಂದು ಕೇಳಿದರೆ ನಿಮ್ಮ ಮುಖ ಬಾಡಿದೆ ಎಂದಲ್ಲ, ಅದು 'ಏನ್ ಸಮಾಚಾರ' ಇದ್ದ ಹಾಗೆ. ನೀವೂ ಆಲ್‌ರೈಟ್ ಎಂದು ನಡೆದರಾಯಿತು. ಅಂಗಡಿಯ ಹೆಂಗಸು 'ಲವ್' ಎಂದು ಕರೆದರೆ ಅದು ನಮ್ಮ ಕಡೆ ಅಪರಿಚಿತರನ್ನು 'ಮಗಾ' ಅನ್ನುವಂಥ ಆದರ, ಬೇರೇನೂ ಅಲ್ಲ. ಅಮೆರಿಕದವರು 'ಹೌ ಆರ್ ಯು' ಅಂದಾಗ ಮೊಣಕಾಲು ನೋವಿನ ಸುದ್ದಿ ಬೇಡ, 'ಗುಡ್' ಸಾಕು. 'ಯಾವಾಗಲಾದರೂ ಊಟಕ್ಕೆ ಸೇರೋಣ' ಎಂದರೆ, ನಾವು ಬೀದಿಯಲ್ಲಿ ಸಿಕ್ಕವರಿಗೆ 'ಒಂದ್ಸಲ ಮನೆ ಕಡೆ ಬನ್ನಿ' ಅನ್ನುತ್ತೇವಲ್ಲ, ಅದೇ. ದಿನ ಗೊತ್ತುಮಾಡಿದರೆ ಮಾತ್ರ ಕರೆ. ನನಗೆ ಅನ್ನಿಸಿದ್ದು: ಮೈಸೂರು ಕಡೆಯ ಸಂಕೋಚದ ಮಾತಿನಲ್ಲಿ ಬೆಳೆದವರಿಗೆ ಬ್ರಿಟನ್ನಿನ ನಡೆ ಬೇಗ ಹಿಡಿಯುತ್ತದೆ, ಧಾರವಾಡದ ನೇರ ಮಾತಿನವರಿಗೆ ಅಮೆರಿಕ ಒಗ್ಗುತ್ತದೆ.

## ಎಡವಿಸುವ ಪದಗಳು

ರಬ್ಬರ್. ಅಳಿಸಲು ಬೇಕಾದದ್ದನ್ನು ಅಮೆರಿಕದಲ್ಲಿ ಇರೇಸರ್ ಅನ್ನಿ. ಅಲ್ಲಿ ರಬ್ಬರ್ ಎಂದರೆ ನಿರೋಧ್.

'ಹೋಮ್ಲಿ' ಎಂದು ನಮ್ಮ ವಧೂವರ ಜಾಹೀರಾತುಗಳಲ್ಲಿ ಇವತ್ತಿಗೂ ಬರೆಯುತ್ತಾರೆ, ಮನೆವಾರ್ತೆ ಬಲ್ಲ ಹುಡುಗಿ ಎಂಬ ಒಳ್ಳೆಯ ಅರ್ಥದಲ್ಲಿ. ಬ್ರಿಟನ್ನಿನಲ್ಲಿ ಅದು ಮನೆಯಂತೆ ಹಿತವಾಗಿರುವುದು. ಅಮೆರಿಕದಲ್ಲಿ ನೋಡಲು ಚೆನ್ನಾಗಿಲ್ಲದವರು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಸಂಬಂಧದವರಿಗೆ ಮಗಳ ವಿವರ ಕಳಿಸುವಾಗ ಆ ಪದ ತೆಗೆಯಿರಿ. ನಮ್ಮಲ್ಲಿ ಸರ್ಕಾರದ ಸ್ಕೀಮು ಎಂದರೆ ಯೋಜನೆ, ಬ್ರಿಟನ್ನಿನಲ್ಲೂ ಹಾಗೇ. ಅಮೆರಿಕದವರ ಕಿವಿಗೆ ಅದರಲ್ಲಿ ಸಂಚಿನ ವಾಸನೆ. ಪ್ರೋಗ್ರಾಂ ಅನ್ನಿ.

'ಫಸ್ಟ್ ಫ್ಲೋರ್' ಬ್ರಿಟನ್ನಿನಲ್ಲಿ ನಮ್ಮಂತೆಯೇ ಮೆಟ್ಟಿಲು ಹತ್ತಿದ ಮೇಲಿನದು. ಅಮೆರಿಕದಲ್ಲಿ ನೆಲಮಹಡಿಯೇ ಫಸ್ಟ್. 'ಹಾಫ್ ಸೆವೆನ್' ಎಂದು ಬ್ರಿಟಿಷರು ಹೇಳಿದರೆ ಏಳೂವರೆ, ಆರೂವರೆ ಅಲ್ಲ. ಸಭೆಯಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡೋಣ ಎಂದರೆ ಬ್ರಿಟಿಷರಿಗೆ ಈಗಲೇ ಎತ್ತಿಕೊಳ್ಳೋಣ, ಅಮೆರಿಕದವರಿಗೆ ಆಮೇಲೆ ನೋಡೋಣ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಎರಡೂ ಕಡೆಯವರು ಈ ಒಂದು ಪದಕ್ಕೆ ಉದ್ದಕ್ಕೂ ವಾದ ಮಾಡಿ, ಕೊನೆಗೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂದು ಕಂಡುಕೊಂಡದ್ದನ್ನು ಚರ್ಚಿಲ್ ಬರೆದಿಟ್ಟಿದ್ದಾರೆ.

4/5 ಎಂದು ಬರೆದರೆ ಲಂಡನ್ನಿಗೂ ನಮಗೂ ಮೇ 4, ಅಮೆರಿಕಕ್ಕೆ ಏಪ್ರಿಲ್ 5. ತಿಂಗಳಿನ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

## ಬರವಣಿಗೆ

ಇಲ್ಲಿ ಆಯ್ಕೆ ಸುಲಭ, ಆದರೆ ಒಂದನ್ನು ಹಿಡಿದ ಮೇಲೆ ಬಿಡಬಾರದು. ಕಲರ್, ಆನರ್‌ಗಳಲ್ಲಿ 'ಯು' ಅಕ್ಷರ ಇದ್ದರೆ ಬ್ರಿಟಿಷ್, ಇಲ್ಲದಿದ್ದರೆ ಅಮೆರಿಕನ್. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನಲ್ಲಿ ಹಿಡಿದಿಟ್ಟ ರೂಪಗಳನ್ನು ನೋವಾ ವೆಬ್‌ಸ್ಟರ್ 1828ರ ನಿಘಂಟಿನಲ್ಲಿ ಹಗುರ ಮಾಡಿದ. ಹೊಸ ದೇಶಕ್ಕೆ ತನ್ನದೇ ಬರಹ ಬೇಕೆಂಬುದು ಆತನ ಹಂಬಲ. ಆತ ಸೂಚಿಸಿದ್ದೆಲ್ಲ ನಿಲ್ಲಲಿಲ್ಲ. 'ಟಂಗ್' ಪದವನ್ನು ಟಿಯುಎನ್‌ಜಿ ಎಂದು ನಾಲ್ಕೇ ಅಕ್ಷರದಲ್ಲಿ ಬರೆಯೋಣ ಅಂದದ್ದನ್ನು ಜನ ಒಪ್ಪಲಿಲ್ಲ. 'ಆರ್ಗನೈಸ್'ನಲ್ಲಿ ಝಡ್ ಬಂದರೆ ಅಮೆರಿಕನ್ ಎಂದು ನಮ್ಮ ಮೇಷ್ಟರುಗಳು ಕೆಂಪು ಗೆರೆ ಎಳೆಯುತ್ತಾರೆ. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಹಿಂದಿನಿಂದಲೂ ಝಡ್ ಬಳಸುತ್ತ ಬಂದಿದೆ, ಅದು ತಪ್ಪಲ್ಲ.

ಭಾರತದ ಸರ್ಕಾರಿ ಅರ್ಜಿ, ಕೋರ್ಟು, ಶಾಲೆ ಕಾಲೇಜು ಎಲ್ಲಕ್ಕೂ ಬ್ರಿಟಿಷ್ ರೂಪವೇ ರೂಢಿ. ಸಾಫ್ಟ್‌ವೇರ್ ಬರೆಯುವವರು ಮಾತ್ರ ಎರಡರಲ್ಲೂ ಬದುಕಬೇಕು, ಜಾಲಪುಟಗಳಿಗೆ ರೂಪ ಕೊಡುವ ಸಿಎಸ್‌ಎಸ್ ಎಂಬ ಕೋಡಿನಲ್ಲಿ ಕಲರ್ ಎಂದು 'ಯು' ಹಾಕಿ ಬರೆದರೆ ಬಣ್ಣವೇ ಬರುವುದಿಲ್ಲ. ಕೆಲಸದ ಅರ್ಜಿಗೆ ಅಮೆರಿಕದಲ್ಲಿ ರೆಸ್ಯೂಮೆ, ಹೊಸಬರದಾದರೆ ಒಂದೇ ಪುಟ. ಬ್ರಿಟನ್ನಿನಲ್ಲಿ ಸಿ.ವಿ., ಎರಡು ಪುಟ. ಎರಡು ಕಡೆಯೂ ಫೋಟೊ, ಹುಟ್ಟಿದ ದಿನ, ತಂದೆಯ ಹೆಸರು ಬೇಡ.

ಹೊರದೇಶದಲ್ಲಿ ಓದಲು ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ: ಐಇಎಲ್‌ಟಿಎಸ್‌ನಲ್ಲಿ ಎರಡೂ ಕಾಗುಣಿತಕ್ಕೆ ಅಂಕ ಸಿಗುತ್ತದೆ, ಅಮೆರಿಕನ್ ಬರೆದರೆ ಕಳೆಯುವುದಿಲ್ಲ. ಅದರ ಮಾತಿನ ಪರೀಕ್ಷೆ 11ರಿಂದ 14 ನಿಮಿಷ, ಮನುಷ್ಯರೊಬ್ಬರ ಜೊತೆ ಮಾತುಕತೆ. ಉಚ್ಚಾರಣೆಗೆ ನಾಲ್ಕನೇ ಒಂದು ಪಾಲು ಅಂಕ, ನೋಡುವುದು ಅರ್ಥವಾಗುತ್ತದೆಯೇ ಎಂದೇ ಹೊರತು ಯಾವ ದೇಶದ ಧಾಟಿ ಎಂದಲ್ಲ. ಅಂಥದೇ ಇನ್ನೊಂದು ಪರೀಕ್ಷೆ ಟೋಫೆಲ್‌ನಲ್ಲಿ ಕಂಪ್ಯೂಟರಿನ ಮೈಕಿಗೆ ಮಾತಾಡಬೇಕು. ಎದುರಿಗೆ ಮುಖ ಕಂಡರೆ ಮಾತು ಬರುವವರಿಗೆ ಮೊದಲನೆಯದು, ಮುಖ ಕಂಡರೆ ಮಾತು ನಿಲ್ಲುವವರಿಗೆ ಎರಡನೆಯದು. ನೀವು ಸೇರುವ ಕಾಲೇಜು ಎರಡನ್ನೂ ಒಪ್ಪುವುದಾದರೆ ನಾನು ಹೇಳುವ ಆಯ್ಕೆ ಇಷ್ಟೇ.

ಬೆಂಗಳೂರಿನಿಂದ ಎರಡೂ ದೇಶಗಳ ಕಾಲ್‌ಗೆ ಕೂರುವವರಿಗೆ ಒಂದು ಮಾತು. ಗಡಿಯಾರ ತಿರುಗಿಸುವ ದಿನ ಅವರಲ್ಲಿ ಒಂದೇ ಅಲ್ಲ. ಅಮೆರಿಕ ಮಾರ್ಚ್‌ನ ಎರಡನೆಯ ಭಾನುವಾರ ಮುಂದೆ ತಿರುಗಿಸುತ್ತದೆ, ನವೆಂಬರಿನ ಮೊದಲ ಭಾನುವಾರ ಹಿಂದೆ. ಬ್ರಿಟನ್ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು. ಮಾರ್ಚ್‌ನಲ್ಲಿ ಎರಡು ಮೂರು ವಾರ, ಶರತ್ಕಾಲದಲ್ಲಿ ಒಂದು ವಾರ, ಲಂಡನ್ ನ್ಯೂಯಾರ್ಕ್ ನಡುವಿನ ಐದು ಗಂಟೆ ನಾಲ್ಕಾಗಿರುತ್ತದೆ.

## ಕಿವಿಗೆ ಸಾಧನೆ

ಕೋಚಿಂಗ್ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಮಾಡಿ ನೋಡಿ. ಬ್ರಿಟನ್ನಿನ ಸಂಸತ್ತು ಸೇರಿರುವ ದಿನಗಳಲ್ಲಿ ಪ್ರತಿ ಬುಧವಾರ ಅಲ್ಲಿನ ಮಧ್ಯಾಹ್ನ ಹನ್ನೆರಡಕ್ಕೆ ಪ್ರಧಾನಿಗೆ ಪ್ರಶ್ನೆ ಕೇಳುವ ಅರ್ಧ ಗಂಟೆ ಇದೆ. ನಮ್ಮಲ್ಲಿ ಚಳಿಗಾಲದಲ್ಲಿ ಸಂಜೆ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ. ವಿಡಿಯೊ ಉಚಿತ. ಸ್ಪೀಕರ್ ಲಿಂಡ್ಸೆ ಹೊಯ್ಲ್ ಉತ್ತರ ಇಂಗ್ಲೆಂಡಿನ ಲ್ಯಾಂಕಷೈರಿನವರು, ಅವರ ಧಾಟಿಯೇ ಒಂದು ಪಾಠ. ಗ್ಲಾಸ್ಗೊ, ಕಾರ್ಡಿಫ್, ಲಿವರ್‌ಪೂಲ್, ಬೆಲ್‌ಫಾಸ್ಟ್, ಲಂಡನ್ ಎಲ್ಲ ಊರುಗಳೂ ಒಂದೇ ಕೋಣೆಯಲ್ಲಿ ಮಾತಾಡುತ್ತವೆ. ಆಡಿದ ಮಾತೆಲ್ಲ ಹ್ಯಾನ್ಸಾರ್ಡ್ ಎಂಬ ದಾಖಲೆಯಲ್ಲಿ ಅಂತರ್ಜಾಲಕ್ಕೆ ಬರುತ್ತದೆ. ಮೊದಲು ಬರೀ ಕೇಳಿ, ಆಮೇಲೆ ಓದಿ, ಮತ್ತೆ ಕೇಳಿ. ಅಮೆರಿಕಕ್ಕಾದರೆ ಅಲ್ಲಿನ ಸುಪ್ರೀಂ ಕೋರ್ಟಿನ ವಾದಗಳು. ಧ್ವನಿಯೂ ಬರಹವೂ ಕೋರ್ಟಿನ ಜಾಲತಾಣದಲ್ಲೇ ಸಿಗುತ್ತವೆ. ನ್ಯಾಯಮೂರ್ತಿ ಸೋನಿಯಾ ಸೋಟೊಮೇಯರ್ ಅವರ ನ್ಯೂಯಾರ್ಕಿನ ಬ್ರಾಂಕ್ಸ್ ದನಿ, ಜಾರ್ಜಿಯಾದ ಕ್ಲಾರೆನ್ಸ್ ಥಾಮಸ್ ಅವರ ದನಿ ಪಕ್ಕಪಕ್ಕದಲ್ಲಿ ಕೇಳಿದರೆ ಉತ್ತರ ದಕ್ಷಿಣಗಳ ವ್ಯತ್ಯಾಸ ತಾನೇ ತಿಳಿಯುತ್ತದೆ.

ಅಕ್ಕನ ಮಗಳು ಈ ಸೆಪ್ಟೆಂಬರಿಗೆ ಗ್ಲಾಸ್ಗೊಗೆ ಓದಲು ಹೋಗುತ್ತಿದ್ದಾಳೆ. ಮೊದಲ ಬುಧವಾರ ಅವಳಿಗೆ ಹತ್ತರಲ್ಲಿ ಮೂರು ವಾಕ್ಯ ಸಿಕ್ಕಿತ್ತು. ಐದನೆಯ ಬುಧವಾರ ಸ್ಕಾಟ್ಲೆಂಡಿನ ಸದಸ್ಯರೊಬ್ಬರು ಎದ್ದು ಕೆಲಸಗಾರರ ಬಗ್ಗೆ ಏನೋ ಕೇಳಿದರು. ಅವಳು ವಿಡಿಯೊ ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ಹಾಕಿದಳು. 'ವರ್ಕರ್ಸ್.' ಎರಡು ರಕಾರವೂ ಕಲ್ಲಿನಲ್ಲಿ ಕೊರೆದ ಹಾಗೆ ಕೇಳಿಸಿತು.

"ಮಾಮ," ಅಂದಳು, "ಇವರು ನಮ್ಮಜ್ಜಿ ಥರಾನೇ ಅಂತಾರೆ."